ಎಡಗಡೆ ಬೋಲ್ಟಿನ ಚುಕ್ಕಿ

ಹನ್ನೊಂದನೆಯ ಕಿಲೋಮೀಟರಿನಲ್ಲಿ ಎಡಗಾಲಿನ ಕೆಳಗೆ ಏನೋ ಮೆತ್ತಗಾಯಿತು. ಅಲುಗಾಡುವ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ, ಪೆಡಲ್ ಪ್ರತಿ ಸುತ್ತಿಗೂ ಒಮ್ಮೆ ಜಾರುತ್ತಿತ್ತು. ಇಳಿದು ನೋಡಿದೆ. ಪೆಡಲನ್ನು ಹಿಡಿದಿರುವ ಕಬ್ಬಿಣದ ತೋಳು, ಅಂಗಡಿಯಲ್ಲಿ ಕ್ರ್ಯಾಂಕ್ ಅನ್ನುತ್ತೇವೆ, ಅಚ್ಚಿನಿಂದ ಅರ್ಧ ಬೆರಳು ಹೊರಗೆ ಬಂದಿತ್ತು. ಅದನ್ನು ಬಿಗಿಹಿಡಿಯಬೇಕಾದ ಬೋಲ್ಟು ಕೊನೆಯ ಸುತ್ತಿನಲ್ಲಿ ತೂಗುತ್ತಿತ್ತು. ಬೋಲ್ಟಿನ ತಲೆಯ ಮೇಲೆ ಕೆಂಪು ಚುಕ್ಕಿ. ಅಪ್ಪನ ಚುಕ್ಕಿ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನಪ್ಪ ಚಾಂದಸಾಬನ ಸೈಕಲ್ ಅಂಗಡಿ ಅಂದರೆ ಮೂವತ್ತನಾಲ್ಕು ವರ್ಷದಿಂದ ಈ ಚುಕ್ಕಿ. ಒಂದು ಬೋಲ್ಟನ್ನು ಬಿಗಿ ಮಾಡಿ ಮುಗಿಸಿದ ಮೇಲೆ ಅಪ್ಪ ಬೆಂಕಿಕಡ್ಡಿಯನ್ನು ಅಮ್ಮನ ನೇಲ್ ಪಾಲಿಶ್ ಸೀಸೆಯಲ್ಲಿ ಅದ್ದಿ ಅದರ ತಲೆಗೆ ಒಂದು ಚುಕ್ಕಿ ಇಡುತ್ತಾನೆ. ಇದರ ಕೆಲಸ ಮುಗಿಯಿತು, ಇನ್ನು ಯಾರೂ ಪಾನಾ, ಅಂದರೆ ಸ್ಪ್ಯಾನರ್, ಹಚ್ಚಬೇಕಾಗಿಲ್ಲ ಅಂತ ಅರ್ಥ. ಮತ್ತೆ ತೆಗೆಯಬೇಕಾದವರು ಮೊದಲು ಚುಕ್ಕಿಯನ್ನು ಕೆರೆಯಬೇಕು. ಅಲ್ಲಿಂದ ಆ ಬೋಲ್ಟಿನ ಪಾಪಪುಣ್ಯ ಕೆರೆದವರದ್ದು. ಅಣ್ಣ ಮುಬಶೀರನಿಗೂ ನನಗೂ ಇದು ಅಕ್ಷರಕ್ಕಿಂತ ಮೊದಲೇ ಬಂದಿತ್ತು.

ಅದಕ್ಕೇ ನನ್ನ ಹತ್ತಿರ ಪಾನಾ ಇರಲಿಲ್ಲ. ಪಂಕ್ಚರ್ ಸಾಮಾನು ಇತ್ತು, ಸಣ್ಣ ಪಂಪು ಇತ್ತು. ಕುರುಗೋಡಿನವರೆಗಿನ ಈ ಸ್ಪರ್ಧೆಯಲ್ಲಿ ಉಳಿದ ಎಂಟು ಹೆಣ್ಣುಮಕ್ಕಳ ಸೀಟಿನ ಕೆಳಗೂ ಪಾನಾದ ಚೀಲವಿತ್ತು. ಅಪ್ಪ ಚುಕ್ಕಿ ಇಟ್ಟ ಸೈಕಲ್ಲಿಗೆ ಪಾನಾ ಕಟ್ಟಿಕೊಂಡು ಹೊರಡುವುದು ನನ್ನಿಂದ ಆಗಲಿಲ್ಲ. ಊಟಕ್ಕೆ ಕರೆದವರ ಮನೆಗೆ ಉಪ್ಪು ಒಯ್ದ ಹಾಗೆ ಅನ್ನಿಸಿತು.

ಚುಕ್ಕಿ ಇಟ್ಟಿದ್ದ. ಬಿಗಿ ಮಾಡಿರಲಿಲ್ಲ.

ಎರಡು ವರ್ಷದಿಂದ ಅಪ್ಪನ ಕೈ ನಡುಗುತ್ತದೆ. ಪಾರ್ವತಿನಗರದ ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ದಿನಕ್ಕೆ ನಲವತ್ತು ಕೈ ಹಿಡಿಯುತ್ತೇನೆ. ಅಪ್ಪನ ಕೈ ನಡುಗುವುದನ್ನು ಮೊದಲು ಕಂಡವಳು ನಾನೇ, ಮೊದಲು ಸುಮ್ಮನಾದವಳೂ ನಾನೇ. ಕುಡತಿನಿಯ ಪವರ್ ಸ್ಟೇಷನ್ನಿನಲ್ಲಿ ಕೆಲಸ ಮಾಡುವ ಅಣ್ಣ ಸುಮ್ಮನಿರಲಿಲ್ಲ. ಅವನು ದಿನಾ ಯಂತ್ರಗಳ ನಡುವೆ ಇರುವವನು. ಯಾವುದೋ ಮಗು ಬ್ರೇಕು ಹಿಡಿಯದೆ ಬಿದ್ದರೆ ಏನು ಮಾಡುತ್ತೀ ಎಂದು ಅಪ್ಪನನ್ನು ಕೇಳಿದ. ಅಂಗಡಿಗೆ ಬೀಗ ಬಿತ್ತು. ಬೀಗದ ಹಿಂದೆ ಕೂತು ನಾಲ್ಕು ತಿಂಗಳು ಅಪ್ಪ ನನಗಾಗಿ ಈ ಸೈಕಲ್ ಕಟ್ಟಿದ. ಹಳೆಯ ರೇಸ್ ಸೈಕಲ್ಲಿನ ಫ್ರೇಮು, ಎಲ್ಲೆಲ್ಲಿಂದಲೋ ತಂದ ಗಾಲಿಗಳು, ಬಲಗಡೆಗೊಂದು ಎಡಗಡೆಗೊಂದು ಪಾದವನ್ನು ಪೆಡಲಿಗೆ ಹಿಡಿಯುವ ಚರ್ಮದ ಪಟ್ಟಿ. ಪಟ್ಟಿಯನ್ನು ಹೊಲಿಯುವಾಗ ಸೂಜಿ ಎಷ್ಟು ಸಲ ಚುಚ್ಚಿತೋ. ನಾನು ಕೇಳಲಿಲ್ಲ.

ಮೊನ್ನೆ ಊಟದ ಹೊತ್ತಿನಲ್ಲಿ ಅಪ್ಪ ಅಣ್ಣನಿಗೆ ಅಂದ, "ಇದು ಕುರುಗೋಡು ಮುಟ್ಟಿದ್ರ ಸೋಮವಾರ ಅಂಗಡಿ ತೆಗಿತೀನಿ. ಮುಟ್ಲಿಲ್ಲಂದ್ರ ಪಾನಾ ಎಲ್ಲಾ ನೀ ಒಯ್ಯಿ. ಮತ್ತ ಅದರ ಮಾತು ಎತ್ತಂಗಿಲ್ಲ."

ಈಗ ಅದು ಕುರುಗೋಡಿಗೆ ಹತ್ತೊಂಬತ್ತು ಕಿಲೋಮೀಟರ್ ಇರುವಾಗ ಬಿಚ್ಚಿಕೊಂಡು ನಿಂತಿತ್ತು.

ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆಯಲ್ಲಿ ನೀರಿನ ಪಾಲು ಚೆನ್ನಾಗಿಯೇ ಆಗಿತ್ತು. ಸಿರುಗುಪ್ಪದ ಹೊಳೆಯಲ್ಲೇ ನಾನು ಈಜು ಕಲಿತದ್ದು, ಮಾವನ ಮನೆಗೆ ಹೋದಾಗಲೆಲ್ಲ, ಅಪ್ಪ ಒಂಬತ್ತು ತೇಪೆ ಹಾಕಿ ಕೊಟ್ಟ ಲಾರಿ ಟ್ಯೂಬಿನ ಮೇಲೆ. ಬೆಳಿಗ್ಗೆ ದಡಕ್ಕೆ ಮೂರನೆಯವಳಾಗಿ ಬಂದಿದ್ದೆ. ಉಳಿದದ್ದು ಇಷ್ಟು: ಒಂಬತ್ತೂವರೆಯೊಳಗೆ ಸೈಕಲ್ ಕುರುಗೋಡು ಸೇರಬೇಕು, ಆಮೇಲೆ ಅಲ್ಲಿನ ಬೆಟ್ಟದ ಬುಡದಲ್ಲಿ ಐದು ಕಿಲೋಮೀಟರ್ ಓಟ.

ಬೋಲ್ಟನ್ನು ಬೆರಳಿನಲ್ಲಿ ತಿರುಗುವಷ್ಟು ತಿರುಗಿಸಿ, ರಸ್ತೆಯ ಪಕ್ಕದ ಒಂದು ಕಲ್ಲೆತ್ತಿ ಕ್ರ್ಯಾಂಕನ್ನು ಒಳಕ್ಕೆ ಬಡಿದೆ. ಕೂತಿತು. ಕಲ್ಲನ್ನು ಅಂಗಿಯ ಬೆನ್ನಿನ ಜೇಬಿಗೆ ಹಾಕಿಕೊಂಡು ಹೊರಟೆ. ಎರಡು ಕಿಲೋಮೀಟರ್ ಬಂತು, ಮತ್ತೆ ಕಳಚಿತು. ಮತ್ತೆ ಬಡಿದೆ. ಆಮೇಲೆ ಒಂದೊಂದೇ ಕಿಲೋಮೀಟರಿಗೆ.

ಗದ್ದೆಯಲ್ಲಿ ಸಸಿ ನೆಡುತ್ತಿದ್ದ ಹೆಂಗಸರು ನೆಟ್ಟಗಾಗಿ ನೋಡಿದರು. ಅವರಲ್ಲಿ ಹಿರಿಯಾಕೆ ಕೂಗಿದಳು, "ಏನವ್ವಾ, ಗಂಡನ ಮ್ಯಾಲಿನ ಸಿಟ್ಟು ಸೈಕಲ್ ಮ್ಯಾಲ ತೀರ್ಸಾಕತ್ತೀ?"

ಗಂಡ ಇಲ್ಲ ಅಂದೆ.

"ಹಂಗಾದ್ರ ಪಾಪ, ಅದ್ಯಾಕ ಹೊಡಿತಿ ಬಿಡು."

ನಗು ಬಂತು. ನಕ್ಕಿದ್ದಕ್ಕೆ ಅಳುವೂ ಬಂತು. ಅಷ್ಟರಲ್ಲಿ ಹಿಂದಿನಿಂದ ಹುಲಿಗೇಶ್ ಸರ್ ಮೋಟರ್ ಸೈಕಲ್ ಬಂದು ನಿಂತಿತು. ಶಾಲೆಯ ಪಿ.ಟಿ. ಮೇಷ್ಟ್ರು, ಇವತ್ತು ನಮ್ಮ ರೆಫರಿ. ಬೇರೆಯವರು ಸೈಕಲ್ ಮುಟ್ಟುವ ಹಾಗಿಲ್ಲ, ಹೊರಗಿನ ಸಾಮಾನು ತೆಗೆದುಕೊಳ್ಳುವ ಹಾಗಿಲ್ಲ ಎಂದು ಹೊಳೆಯ ದಂಡೆಯಲ್ಲಿ ಮೂರು ಸಲ ಹೇಳಿದ್ದರು. ಈಗ ಬಗ್ಗಿ ನೋಡಿ, ತಮ್ಮ ಗಾಡಿಯ ಡಬ್ಬಿಯ ಮೇಲೆ ಕೈಯಿಟ್ಟುಕೊಂಡರು. ಪಾನಾ ಅದರೊಳಗೇ ಇತ್ತು ಅನ್ನಿಸುತ್ತದೆ.

"ಕೊಟ್ರ ನೀ ಔಟ್ ಆಗ್ತಿ ತಂಗಿ," ಅಂದರು. ಬೇಡಿಕೊಳ್ಳುವ ಹಾಗಿತ್ತು ಆ ದನಿ. ಹಿಂದೆ ಟೆಂಪೋ ಬರುತ್ತಿದೆ, ಹತ್ತಿಕೊ, ಮುಂದಿನ ವರ್ಷ ನೋಡೋಣ ಅಂತಲೂ ಹೇಳಿದರು. ಎಷ್ಟು ಹೊತ್ತಿದೆ ಎಂದು ಕೇಳಿದೆ. ಮೂವತ್ತೈದು ನಿಮಿಷ. ಎಷ್ಟು ದೂರ? ಎಂಟು ಕಿಲೋಮೀಟರ್.

ಮುಂದಿನ ವರ್ಷ ಅನ್ನುವುದು ನನಗಿತ್ತು. ಅಪ್ಪನಿಗಿದ್ದದ್ದು ಈ ಸೋಮವಾರ ಮಾತ್ರ.

ಕ್ರ್ಯಾಂಕಿನ ಚೌಕದ ತೂತು ಬಡಿದು ಬಡಿದು ದುಂಡಗಾಗಿತ್ತು. ಇನ್ನು ಕಲ್ಲಿಗೂ ಅದು ನಿಲ್ಲುವುದಿಲ್ಲ. ಅದನ್ನು ಪೂರ್ತಿ ಹೊರಗೆ ಎಳೆದೆ. ಬೋಲ್ಟು ಅಂಗೈಯಲ್ಲಿ ಉಳಿಯಿತು, ಕೆಂಪು ಚುಕ್ಕಿ ಮೇಲಾಗಿ. ಕುರುಗೋಡಿನಲ್ಲಿ ಅಪ್ಪ ಮೊದಲು ನೋಡುವುದು ಇದನ್ನೇ. ಸೈಕಲ್ ಊರು ಮುಟ್ಟಿದರೂ, ನಾನು ಗೆದ್ದರೂ ಇದನ್ನೇ ನೋಡುತ್ತಾನೆ. ನೋಡಿದ ಮೇಲೆ ಯಾವ ಬೋಲ್ಟನ್ನೂ ಮುಟ್ಟುವುದಿಲ್ಲ. ಹೆಬ್ಬೆರಳಿನ ಉಗುರಿನಿಂದ ಚುಕ್ಕಿಯನ್ನು ಕೆರೆದೆ. ಸುಲಭವಾಗಿ ಬರಲಿಲ್ಲ. ಅಪ್ಪ ಎರಡು ಸಲ ಹಚ್ಚಿದ್ದ.

ಕ್ರ್ಯಾಂಕನ್ನು ಬೆನ್ನಿನ ಜೇಬಿಗೆ ಹಾಕಿ, ಎಡಗಾಲನ್ನು ಇಳಿಬಿಟ್ಟು, ಬಲಗಾಲನ್ನು ಚರ್ಮದ ಪಟ್ಟಿಯೊಳಗೆ ಬಿಗಿದುಕೊಂಡೆ. ಒಂದೇ ಕಾಲಿನಲ್ಲಿ ತುಳಿಯಬಹುದು, ಪಟ್ಟಿ ಇದ್ದರೆ. ಒತ್ತಿದ್ದನ್ನು ಅದೇ ಕಾಲಿನಿಂದ ಮೇಲಕ್ಕೆಳೆಯಬೇಕು, ಅಷ್ಟೆ. ರಸ್ತೆ ಸಮತಟ್ಟಾಗಿತ್ತು. ಮೊದಲ ಕಿಲೋಮೀಟರಿನಲ್ಲಿ ತೊಡೆ ಉರಿಯಿತು, ಮೂರನೆಯದರಲ್ಲಿ ಕಾಲು ನನ್ನದಲ್ಲ ಅನ್ನಿಸಿತು, ಆಮೇಲೆ ಅದೂ ಅನ್ನಿಸಲಿಲ್ಲ. ಪಟ್ಟಿ ಹರಿಯಲಿಲ್ಲ. ಒಂದು ಹೊಲಿಗೆಯೂ ಬಿಡಲಿಲ್ಲ. ಹುಲಿಗೇಶ್ ಸರ್ ಹಿಂದೆಯೇ ಬರುತ್ತಿದ್ದರು.

ಕುರುಗೋಡಿನ ಬೆಟ್ಟದ ಬಂಡೆಗಳು ಕಂಡವು. ಹಗ್ಗ ಕಟ್ಟಿದ ಜಾಗದಲ್ಲಿ ಅಪ್ಪ ನಿಂತಿದ್ದ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಈಚೆಗೆ ಅವನು ನಿಲ್ಲುವುದೇ ಹಾಗೆ. ಪಕ್ಕದಲ್ಲಿ ಅಣ್ಣ. ಗೆರೆ ದಾಟಿದಾಗ ನಾಲ್ಕು ನಿಮಿಷ ಉಳಿದಿತ್ತು. ಸೈಕಲನ್ನು ಹಗ್ಗಕ್ಕೆ ಒರಗಿಸಿ, ಕ್ರ್ಯಾಂಕನ್ನೂ ಬೋಲ್ಟನ್ನೂ ನೆಲದ ಮೇಲಿಟ್ಟೆ. ಅಪ್ಪನ ಕಣ್ಣು ಬೋಲ್ಟಿನ ಮೇಲೇ ಇತ್ತು.

"ನಿನ್ನೆ ನಾನ ತೆಗದಿದ್ನಿ ಅಪ್ಪಾ, ಗ್ರೀಸ್ ಹಚ್ಚಾಕ. ತಿರುಗಿ ಬಿಗಿ ಮಾಡೋದು ಮರ್ತೆ."

ಅಣ್ಣ ಬಗ್ಗಿ ನೋಡಿದ. ಚುಕ್ಕಿ ಇರಲಿಲ್ಲ. ಚುಕ್ಕಿ ಕೆರೆದವರು ಬಿಗಿ ಮಾಡಬೇಕು ಅನ್ನುವುದು ಮನೆಯ ಬೆಕ್ಕಿಗೂ ಗೊತ್ತು ಎಂದು ನನ್ನನ್ನು ಬೈದ. ಅಪ್ಪ ಬೈಯಲಿಲ್ಲ. ಓಡು, ಹೊತ್ತಾತು ಅಂದ.

ಓಡಿದೆ ಅನ್ನುವುದಕ್ಕಿಂತ ಬೀಳದೆ ಮುಂದೆ ಹೋದೆ ಅನ್ನಬೇಕು. ಒಂಬತ್ತು ಜನರಲ್ಲಿ ಒಂಬತ್ತನೆಯವಳು. ಕೊರಳಿಗೆ ಪದಕ ಹಾಕುವಾಗ ಉಳಿದವರು ಉಪ್ಪಿಟ್ಟು ಮುಗಿಸಿದ್ದರು.

ಅಪ್ಪ ನೆರಳಿನಲ್ಲಿ ಸೈಕಲ್ಲಿನ ಪಕ್ಕ ನೆಲಕ್ಕೆ ಕೂತಿದ್ದ. ಹುಲಿಗೇಶ್ ಸರ್ ಹತ್ತಿರ ಪಾನಾ ಇಸಕೊಂಡಿದ್ದ. ಈಗ ಯಾರು ಬೇಕಾದರೂ ಮುಟ್ಟಬಹುದು. ಪಕ್ಕದಲ್ಲಿ ಕೂತೆ. ಕೈ ಕೊಡು ಅಂದ. ಪೆಟ್ಟಾಗಿದೆಯೋ ಏನೋ ನೋಡುತ್ತಾನೆ ಅಂದುಕೊಂಡು ಕೊಟ್ಟೆ. ಅವನು ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿದ. ಉಗುರಿನ ಸಂದಿಯಲ್ಲಿ ಕೆಂಪು. ಲ್ಯಾಬಿನಲ್ಲಿ ನಾವು ಉಗುರಿಗೆ ಬಣ್ಣ ಹಚ್ಚುವ ಹಾಗಿಲ್ಲ ಅನ್ನುವುದು ಅಪ್ಪನಿಗೆ ಗೊತ್ತು. ನಿನ್ನೆ ಕೆರೆದದ್ದಾಗಿದ್ದರೆ ಬೆಳಿಗ್ಗೆ ಹೊಳೆಯಲ್ಲಿ ಈಜುವಾಗಲೇ ತೊಳೆದುಹೋಗುತ್ತಿತ್ತು ಅನ್ನುವುದೂ.

ಬಹಳ ಹೊತ್ತು ಹಿಡಿದುಕೊಂಡ. ಅವನ ನಡುಕ ನನ್ನ ಮೊಣಕೈವರೆಗೆ ಬರುತ್ತಿತ್ತು. ಕೈ ಹಿಡಿಯುವುದು ನನ್ನ ಕೆಲಸ. ಅಷ್ಟು ಹೊತ್ತು ಯಾರೂ ನನ್ನ ಕೈ ಹಿಡಿದಿರಲಿಲ್ಲ.

"ಬಲಗಡೆದ್ದು ನೋಡು," ಅಂದು ಪಾನಾ ಕೊಟ್ಟ.

ಬಲಗಡೆಯ ಬೋಲ್ಟಿನ ಮೇಲೂ ಚುಕ್ಕಿ ಇತ್ತು. ಕೆರೆಯಲೇ ಎಂದು ಕೇಳಿದೆ. ಬೇಡ, ಬರೇ ಹಚ್ಚಿ ನೋಡು ಅಂದ. ಪಾನಾ ಕೂರಿಸಿ ನನ್ನ ತೂಕವನ್ನೆಲ್ಲ ಹಾಕಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಎಂಟು ಕಿಲೋಮೀಟರ್ ನನ್ನನ್ನು ಹೊತ್ತು ತಂದದ್ದು ಅದೇ.

ಅಪ್ಪ ಅಂಗಿಯ ಜೇಬಿನಿಂದ ಸೀಸೆ ತೆಗೆದು ನನ್ನ ಅಂಗೈಯಲ್ಲಿಟ್ಟ.

"ಸೋಮವಾರ ತೆಗಿತೀನಿ. ಬಿಗಿ ನಾ ಮಾಡ್ತೀನಿ. ಸಂಜಿಮುಂದ ನೀ ಬಂದು ಪಾನಾ ಹಚ್ಚಿ ನೋಡಿ ಚುಕ್ಕಿ ಇಡು. ನೀ ಇಡೋತನ ಯಾವ ಗಾಡಿನೂ ಅಂಗಡಿ ಬಿಟ್ಟು ಹೋಗಂಗಿಲ್ಲ."

ತಾನು ಬಿಗಿ ಮಾಡೋದೇ ಮರೆತವಳ ಕೈಗೆ ಇದನ್ನು ಕೊಡ್ತೀಯಾ ಎಂದು ಅಣ್ಣ ಕೇಳಿದ. ಅಪ್ಪ ಅವನ ಕಡೆ ನೋಡಲಿಲ್ಲ.

"ಅಕಿ ಮರಿಯಂಗಿಲ್ಲ," ಅಂದ.

ಬೆಂಕಿಕಡ್ಡಿ ಅದ್ದಿ ಬಲಗಡೆಯ ಬೋಲ್ಟಿನ ಮೇಲೆ, ಅವನ ಚುಕ್ಕಿಯ ಪಕ್ಕ, ನನ್ನದೊಂದು ಇಡಲು ಹೋದೆ. ದಿನಕ್ಕೆ ನಲವತ್ತು ನರ ಹುಡುಕುವ ಕೈ ಓಡಿ ಓಡಿ ನಡುಗುತ್ತಿತ್ತು. ಚುಕ್ಕಿ ಬೋಲ್ಟು ತಪ್ಪಿ ಕ್ರ್ಯಾಂಕಿನ ಮೇಲೆ ಬಿತ್ತು. ಅಪ್ಪ ಅದನ್ನು ನೋಡಿದ, ನನ್ನ ಕೈ ನೋಡಿದ. ಇರಲಿ, ಒಣಗಲಿ ಅಂದ.