ಗೋಡೆಯ ಕಡೆಗೆ ವಾಲಿದ ಗುಂಡಿ

ಶಾಲೆಯ ಹಿಂದೆ ಒಂದು ತುಂಡು ಬಯಲಿತ್ತು. ಯಾವ ಕಾಲದಲ್ಲೋ ಕಟ್ಟಡಕ್ಕೆಂದು ಬಿಟ್ಟು, ಆಮೇಲೆ ಕಟ್ಟುವುದನ್ನೇ ಮರೆತ ಜಾಗ. ನಡುವೆ ಒಂದು ದೊಡ್ಡ ಮರ, ಬುಡದಲ್ಲಿ ಬಿದ್ದ ಕೊಂಬೆಗಳು, ಒಡೆದ ಇಟ್ಟಿಗೆ. ಮಳೆ ಬಂದರೆ ಕೆಸರು, ಬಿಸಿಲು ಕಾದರೆ ಧೂಳು. ಬಯಲಿನ ಕೊನೆಗೆ ಎದೆಮಟ್ಟದ ಗೋಡೆ, ಗೋಡೆಯಾಚೆ ರಸ್ತೆ, ರಸ್ತೆಯಾಚೆ ಊರಿನ ಸ್ಮಶಾನ. ಮಕ್ಕಳು ಆಡುವ ನೆಲವನ್ನೂ ಆ ನೆಲವನ್ನೂ ದೇವರು ಇಷ್ಟು ಹತ್ತಿರ ಏಕೆ ಇಟ್ಟನೋ, ಅವನಿಗೇ ಗೊತ್ತು.

ಒಂದನೇ ತರಗತಿಯ ಟೀಚರ್ ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳನ್ನು ಈ ಬಯಲಿಗೆ ಕರೆತರುತ್ತಿದ್ದರು. ಬಯಲು ಪಾಠ ಅಂತ ಅದಕ್ಕೆ ಹೆಸರು. ಪಾಠ ಅಂತ ಬೇರೇನೂ ಇರಲಿಲ್ಲ. ಎಲೆ ಎಣಿಸುವುದು, ಇರುವೆಯ ಹಿಂದೆ ಹೋಗುವುದು, ಕಡ್ಡಿಯಲ್ಲಿ ಮನೆ ಕಟ್ಟುವುದು. ಮಕ್ಕಳು ಮಣ್ಣು ಮೆತ್ತಿಕೊಂಡು ಬಂದರೆ ಬಟ್ಟೆಯೆಲ್ಲ ಟೀಚರ ಮನೆಗೇ ಒಗೆಯಲು ಕಳಿಸುತ್ತೇನೆ ಎಂದು ಹೆಡ್‌ಮಾಸ್ತರರು ಮೊದಮೊದಲು ನಗೆಯಾಡಿದ್ದರು. ಆಮೇಲೆ ಅವರೇ ಸುಮ್ಮನಾದರು. ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಳ್ಳುತ್ತಿದ್ದ ಮಗು ಕಚ್ಚುವುದನ್ನು ಬಿಟ್ಟಿತ್ತು. ಬೆಳಿಗ್ಗೆ ಗೇಟು ಹಿಡಿದು ಅಳುತ್ತಿದ್ದವನು ಈಗ ಗೇಟು ತೆರೆಯುವ ಮೊದಲೇ ಬಂದು ನಿಲ್ಲುತ್ತಿದ್ದ.

ಆ ಬಯಲಿಗೆ ಒಂದು ನಿಯಮವಿತ್ತು. ಪ್ರತಿ ಮಗುವಿಗೂ ತನ್ನದೇ ಒಂದು ಜಾಗ. ಸುತ್ತ ಕಲ್ಲು ಜೋಡಿಸಿಕೊಂಡರೆ ಅದು ಅವರ ಮನೆ ಇದ್ದ ಹಾಗೆ. ಇನ್ನೊಬ್ಬರ ಕಲ್ಲು ದಾಟುವಂತಿಲ್ಲ, ಒಳಗಿದ್ದದ್ದನ್ನು ಕೇಳದೆ ಮುಟ್ಟುವಂತಿಲ್ಲ, ಪಕ್ಕದ ಜಾಗದಲ್ಲಿ ಕಂಡದ್ದು ಕೇಳಿದ್ದು ಹೊರಗೆ ಆಡುವಂತಿಲ್ಲ. ಮನೆಯಲ್ಲೂ ತರಗತಿಯಲ್ಲೂ ಯಾರಾದರೊಬ್ಬರು ಸದಾ ಇಣುಕುತ್ತಲೇ ಇರುವ ಮಕ್ಕಳಿಗೆ ಯಾರೂ ಇಣುಕದ ಒಂದು ಮೊಳ ನೆಲ ಬೇಕು ಎಂದು ಟೀಚರ್ ನಂಬಿದ್ದರು. ತಾವೂ ಕಲ್ಲಿನಾಚೆ ನಿಂತು, ಬರಲಾ, ಎಂದು ಕೇಳಿಯೇ ಕಾಲಿಡುತ್ತಿದ್ದರು. ಎಲೆಗಳನ್ನು ಹರಡಿಕೊಂಡು ವ್ಯಾಪಾರಕ್ಕೆ ಕೂತಿದ್ದ ಬಾಯಿಬಡುಕಿ ಎಂಬ ಅಡ್ಡಹೆಸರಿನ ಹುಡುಗಿ ಒಮ್ಮೆ, ಇವತ್ತು ಅಂಗಡಿ ಬಾಗಿಲು ಹಾಕಿದೆ, ಹಳೇ ಗಿರಾಕಿ ಅಂತ ಪದೇ ಪದೇ ಬಂದು ತಲೆ ತಿನ್ನಬೇಡಿ, ಎಂದು ಗದರಿಸಿ ಕಳಿಸಿದ್ದಳು. ಟೀಚರ್ ತಲೆಬಾಗಿ ವಾಪಸು ಬಂದಿದ್ದರು.

ಗೋಡೆಗೆ ಅಂಟಿದ ಕೊನೆಯ ಜಾಗ ಒಬ್ಬ ಹುಡುಗಿಯದು. ಎರಡನೇ ತರಗತಿಯಲ್ಲಿದ್ದ ಅವಳ ಅಣ್ಣ ಚಳಿಗಾಲದಲ್ಲಿ ಜ್ವರ ಬಂದು ತೀರಿಹೋಗಿದ್ದ. ಯಾವಾಗಲೂ ಬೆನ್ನ ಹಿಂದೆಯೇ ಇರುತ್ತಿದ್ದ ತಂಗಿಯನ್ನು ಅವನು ಬಾಲ ಎಂದು ಕರೆಯುತ್ತಿದ್ದ. ಹಾಗೆ ಕರೆಯುವವರು ಈಗ ಯಾರೂ ಇರಲಿಲ್ಲ. ಅವನು ಹೋದಂದಿನಿಂದ ಹುಡುಗಿಯ ಬಾಯಿಂದ ಮಾತು ಹೊರಟಿರಲಿಲ್ಲ. ಮನೆಯಲ್ಲಂತೂ ಅಮ್ಮ ತುತ್ತು ಎತ್ತಿದರೆ ಮುಖ ತಿರುಗಿಸುತ್ತಿದ್ದಳು, ಹತ್ತಿರ ಎಳೆದುಕೊಂಡರೆ ಮರದ ತುಂಡಿನಂತೆ ಬಿಗಿಯುತ್ತಿದ್ದಳು. ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಳು. ಆಟದಲ್ಲಿ ತಾನಾಗೇ ಹೊರಗೆ ಬರಲಿ, ಕೆದಕಬೇಡಿ ಎಂದು ಡಾಕ್ಟರು ಹೇಳಿದ್ದರು. ಮಗುವಿನ ಮಾತು ಮರಳಬೇಕು, ಅಷ್ಟೇ ಎಲ್ಲರ ಬೇಡಿಕೆ.

ಹುಡುಗಿ ಒಂದು ಡಬ್ಬದ ಮುಚ್ಚಳ ಹಿಡಿದು ಅಗೆಯತೊಡಗಿದಳು. ಬಯಲಿಗೆ ಬಂದಾಗಲೆಲ್ಲ ಅದೇ ಕೆಲಸ. ಸ್ವಲ್ಪ ದಿನದಲ್ಲಿ ಗುಂಡಿ ಅವಳ ಮೊಣಕೈ ಮುಳುಗುವಷ್ಟಾಯಿತು, ಆಮೇಲೆ ಭುಜ ಮುಳುಗುವಷ್ಟು. ಮಕ್ಕಳು ಗುಂಡಿ ತೋಡಿದರೆ ನೆಟ್ಟಗೆ ತೋಡುತ್ತಾರೆ. ಇದು ಗೋಡೆಯ ಕಡೆಗೆ ವಾಲಿಕೊಂಡಿತ್ತು. ಟೀಚರ್ ಅದನ್ನು ಗಮನಿಸಲಿಲ್ಲ. ಅವರು ಗಮನಿಸಿದ್ದು ಬೇರೆ. ನೆಲಕ್ಕೆ ಕೆನ್ನೆ ಹಚ್ಚಿ ಅಗೆಯುವಾಗ ಹುಡುಗಿಯ ತುಟಿ ಅಲುಗುತ್ತಿತ್ತು, ಪಿಸುಪಿಸು ಸದ್ದು ಬರುತ್ತಿತ್ತು. ಹೂಳುವ ಆಟ ಆಡುತ್ತಿದ್ದಾಳೆ, ಒಳಗಿನ ದುಃಖವನ್ನು ಮಣ್ಣಿಗೆ ಹಾಕುತ್ತಿದ್ದಾಳೆ ಎಂದುಕೊಂಡರು. ಅಂದು ಸಂಜೆ ದೇವರ ಮುಂದೆ ಕೂತು ಕಣ್ತುಂಬಿಕೊಂಡು ಕೈಮುಗಿದರು. ಕಲ್ಲು ದಾಟಿ ಹತ್ತಿರ ಹೋಗಿ ಆ ಪಿಸುಮಾತು ಏನೆಂದು ಕೇಳಿಸಿಕೊಳ್ಳಲು ಅವರ ನಿಯಮವೇ ಬಿಡಲಿಲ್ಲ.

ಹಾಗೆಯೇ ನಡೆದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ಮಗನನ್ನು ಬೇಗ ಕರೆದೊಯ್ಯಲು ಬಂದ ಒಬ್ಬ ದರ್ಜಿ ಬಯಲಿನ ಬಾಗಿಲಲ್ಲಿ ನಿಂತು ಆ ಗುಂಡಿಯನ್ನು ನೋಡಿಬಿಟ್ಟ. ಸ್ಮಶಾನದ ಪಕ್ಕ ಮಕ್ಕಳ ಕೈಲಿ ಗೋರಿ ತೋಡಿಸುತ್ತಾರೆ ಎಂದು ಊರಿಡೀ ಹೇಳಿದ. ಶಾಲೆಯ ಸಮಿತಿಯವರು ಬಯಲು ನೋಡಲು ಬರುತ್ತೇವೆ, ಸರಿಯಿಲ್ಲದಿದ್ದರೆ ಬೀಗ ಹಾಕಿಸಿ ವಾಹನ ನಿಲ್ಲಿಸಲು ಕೊಡುತ್ತೇವೆ ಎಂದು ಹೇಳಿಕಳಿಸಿದರು.

ಅವರು ಬರುವ ದಿನ ಹುಡುಗಿಗೆ ನೆಗಡಿ, ಶಾಲೆಗೆ ಬಂದಿರಲಿಲ್ಲ. ಹೆಡ್‌ಮಾಸ್ತರರು ಟೀಚರನ್ನು ಕರೆದರು. ಉಳಿದದ್ದಕ್ಕೆಲ್ಲ ನಾನು ಉತ್ತರ ಹೇಳುತ್ತೇನೆ, ಆ ಗುಂಡಿ ಒಂದು ಮಾತ್ರ ಅವರ ಕಣ್ಣಿಗೆ ಬೀಳಬಾರದು ಎಂದರು. ಮಗುವನ್ನು ಕೇಳದೆ ಮುಟ್ಟುವ ಹಾಗಿಲ್ಲ ಎಂದು ಟೀಚರ್ ಹೇಳಿದರು. ಹೆಡ್‌ಮಾಸ್ತರರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಒಬ್ಬಳ ಗುಂಡಿ ಉಳಿಸೋಕೆ ಹೋಗಿ ಅಷ್ಟೂ ಮಕ್ಕಳ ಬಯಲು ಕಳ್ಕೋತೀರಾ, ನೋಡಿ" ಎಂದರು.

ಟೀಚರ್ ಸಲಿಕೆ ತೆಗೆದುಕೊಂಡು ಒಬ್ಬರೇ ಹೋದರು. ಕಲ್ಲಿನಾಚೆ ನಿಂತು ಅಭ್ಯಾಸಬಲದಿಂದ, ಬರಲಾ, ಎಂದರು. ಆಮೇಲೆ ದಾಟಿದರು. ಅಗೆದ ಮಣ್ಣನ್ನೇ ತುಂಬಿ, ಕಾಲಿಂದ ತುಳಿದು, ಅಂಗೈಯಿಂದ ನೇವರಿಸಿ ಸಮ ಮಾಡಿದರು. ಮೇಲೆ ಒಂದಿಷ್ಟು ತರಗೆಲೆ ಹರಡಿದರು. ಮಗು ನಾಳೆ ಬಂದರೆ ಕ್ಷಮೆ ಕೇಳಿ ಜೊತೆಗೆ ಕೂತು ಹೊಸದನ್ನು ತೋಡಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಸಮಿತಿಯವರು ಬಂದರು. ಅವರಲ್ಲಿ ಹಿರಿಯರೊಬ್ಬರು ಮರದ ಕೆಳಗೆ ಕೂತು, ಬಾಯಿಬಡುಕಿಯ ಅಂಗಡಿಯಿಂದ ಎರಡು ಎಲೆ ಸಾಲ ತೆಗೆದುಕೊಂಡು, ತಮ್ಮ ಬಾಲ್ಯ ನೆನೆಸಿಕೊಂಡು ಮೂಗು ಒರೆಸಿಕೊಂಡರು. ಬಯಲು ಉಳಿಯಿತು. ಹೆಡ್‌ಮಾಸ್ತರರು ಎಲ್ಲರಿಗೂ ಟೀ ತರಿಸಿದರು.

ಮಾರನೆಯ ದಿನ ಹುಡುಗಿ ಮುಚ್ಚಳ ಹಿಡಿದು ತನ್ನ ಜಾಗಕ್ಕೆ ಹೋದಳು. ತರಗೆಲೆ ಸರಿಸಿದಳು. ನೆಲವನ್ನು ಮುಟ್ಟಿ ನೋಡಿದಳು. ಟೀಚರ್ ಆಗಲೇ ಹತ್ತಿರ ಬಂದು, ನಿನ್ನೆ ಹೀಗಾಯಿತು ಮರಿ, ನಿನ್ನ ಕೇಳದೆ ನಾನೇ ಮುಚ್ಚಿದೆ, ತಪ್ಪಾಯಿತು ಎಂದು ಹೇಳುತ್ತಿದ್ದರು. ಹುಡುಗಿ ತಲೆಯೆತ್ತಿದಳು. ಎಷ್ಟೋ ದಿನದಿಂದ ಯಾರೂ ಕೇಳದ ಆ ದನಿ ಒಡಕಲಾಗಿ ಹೊರಬಂತು.

"ನೀವೂ ಮುಚ್ಚಿದ್ರಾ?"

ಅಷ್ಟೇ. ಮುಚ್ಚಳ ಕೆಳಗೆ ಹಾಕಿ, ಗೋಡೆಗೆ ಮುಖ ಮಾಡಿ ಕೂತಳು. ಗಂಟೆ ಹೊಡೆದರೂ ಏಳಲಿಲ್ಲ. ಎತ್ತಿಕೊಂಡೇ ಒಳಗೆ ಒಯ್ಯಬೇಕಾಯಿತು. ಬಯಸಿ ಬಯಸಿ ಕೇಳಿದ ಮೊದಲ ಮಾತು ಇಂಥದಾಯಿತಲ್ಲ ಎಂದುಕೊಂಡರು ಟೀಚರ್. ನೀವೂ ಅಂದರೆ, ಮೊದಲು ಮುಚ್ಚಿದವರು ಯಾರು? ಪಕ್ಕದ ಜಾಗದ ಬಾಯಿಬಡುಕಿಯನ್ನು ಕರೆದು ಕೇಳಿದರು. ಅವಳು ಆಶ್ಚರ್ಯದಿಂದ ಕಣ್ಣರಳಿಸಿದಳು.

"ಅವಳು ಅಣ್ಣನ್ನ ಎಬ್ಬಿಸೋಕೆ ಹೋಗ್ತಿದ್ಳು ಮಿಸ್. ಏಳೋ, ಏಳೋ, ನಾನು ಬಾಲ, ಅಂತ ದಿನಾ ಕರೀತಿದ್ಳು. ನಿಮಗೆ ಗೊತ್ತೇ ಇರ್ಲಿಲ್ವಾ?"

"ನನಗ್ಯಾಕೆ ಹೇಳಲಿಲ್ಲ ನೀನು?"

"ಪಕ್ಕದ ಜಾಗದ ಮಾತು ಆಡಬಾರದು ಅಂತ ನೀವೇ ಹೇಳಿದ್ರಲ್ಲ?"

ಟೀಚರ್ ಆಗ ಹೋಗಿ ಗೋಡೆಯನ್ನೂ ನೆಲವನ್ನೂ ನೋಡಿದರು. ಗುಂಡಿ ಯಾವ ಕಡೆ ವಾಲಿತ್ತು ಎಂಬುದು ಆಗ ಅರ್ಥವಾಯಿತು.

ಹುಡುಗಿಯ ಅಪ್ಪ ಲಾರಿ ಓಡಿಸುವವನು. ಮಗ ಹೋದ ಮೇಲೆ ಸಿಕ್ಕ ಸಿಕ್ಕ ದೂರದ ಬಾಡಿಗೆಯನ್ನೆಲ್ಲ ಒಪ್ಪಿಕೊಂಡು ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದ. ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ. ಟೀಚರ್ ಅಂದೇ ಅಲ್ಲಿಗೆ ಹೋದರು. ಉದ್ದನೆಯ ಕೋಣೆ, ಒದ್ದೆ ಬಟ್ಟೆಯ ವಾಸನೆ, ಹಬೆಯಲ್ಲಿ ಎದುರಿನವರ ಮುಖವೂ ನೆಟ್ಟಗೆ ಕಾಣದು. ಅಮ್ಮ ಬಿಳಿಯ ಹಾಸು ಹರಡುವುದು, ಇಸ್ತ್ರಿ ಎಳೆಯುವುದು, ಮಡಚುವುದು, ಮತ್ತೆ ಹರಡುವುದು. ಟೀಚರ್ ಎಲ್ಲವನ್ನೂ ಹೇಳಿದರು. ಅಮ್ಮನ ಕೈ ನಿಂತಿತು. ಬಟ್ಟೆ ಸುಟ್ಟ ವಾಸನೆ ಬಂದಾಗಲೇ ಅವಳು ಇಸ್ತ್ರಿ ಎತ್ತಿದ್ದು.

ಅವಳಿಗೆ ಒಂದೊಂದಾಗಿ ನೆನಪಾಯಿತು. ಜ್ವರ ಏರಿದ ರಾತ್ರಿ ಮಗನಿಗೆ ಅಂತೂ ನಿದ್ದೆ ಹತ್ತಿತ್ತು. ತಂಗಿ ಬಂದು ಅಲುಗಿಸಹೋದಾಗ, ಎಬ್ಬಿಸಬೇಡ, ಮಲಗಲಿ ಎಂದು ಗದರಿಸಿದ್ದಳು. ಬೆಳಿಗ್ಗೆ ಅವನು ಏಳದಾಗ ಮಗಳನ್ನು ಪಕ್ಕದ ಮನೆಗೆ ಕಳಿಸಿಬಿಟ್ಟಿದ್ದರು. ಪಕ್ಕದ ಮನೆಯ ಮಹಡಿಯ ಕಿಟಕಿಯಿಂದ ಸ್ಮಶಾನ ಕಾಣುತ್ತದೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಮಲಗಿದ್ದ ಅಣ್ಣನನ್ನು ಎಬ್ಬಿಸದೆ ಗುಂಡಿಗಿಳಿಸಿದ್ದನ್ನು ಮಗು ಕಂಡಿತ್ತು. ಮೊದಲ ಹಿಡಿ ಮಣ್ಣು ಅಮ್ಮನೇ ಹಾಕಿದ್ದನ್ನೂ ಕಂಡಿತ್ತು.

ಮಗುವಿಗೆ ನಿಜವನ್ನು ಬಿಡಿಸಿ ಹೇಳಲೇಬೇಕು, ಅದೂ ನೀವೇ ಹೇಳಬೇಕು ಎಂದರು ಟೀಚರ್.

"ಅವನು ಹೋದ ಅನ್ನೋ ಮಾತು ನನ್ನ ಬಾಯಲ್ಲಿ ಇನ್ನೂ ಬಂದಿಲ್ಲ ಟೀಚರಮ್ಮ" ಎಂದಳು ಅವಳು. "ನನ್ನ ಮನಸ್ಸಿಗೇ ನಾನು ಹೇಳ್ಕೊಂಡಿಲ್ಲ. ಅವಳಿಗೆ ಹೇಗೆ ಹೇಳಲಿ?"

ಸುಟ್ಟ ಹಾಸನ್ನು ಇಬ್ಬರೂ ಎರಡು ತುದಿ ಹಿಡಿದು ಮಡಚಿದರು.

ಮಾರನೆಯ ಮಧ್ಯಾಹ್ನ ಅಮ್ಮ ಕೆಲಸದ ಬಟ್ಟೆಯಲ್ಲೇ ಬಯಲಿಗೆ ಬಂದಳು. ಹುಡುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಮ್ಮ ಕಲ್ಲು ದಾಟದೆ, ಆಚೆಯೇ ಮಣ್ಣಿನಲ್ಲಿ ಕುಕ್ಕರಿಸಿದಳು. ಉಳಿದ ಮಕ್ಕಳು ತಮ್ಮ ತಮ್ಮ ಕೆಲಸದಲ್ಲಿದ್ದರು. ಬಾಯಿಬಡುಕಿಯೂ ಬಾಯಿ ಮುಚ್ಚಿಕೊಂಡಿದ್ದಳು. ಕೊನೆಗೆ ಹುಡುಗಿಯೇ ತಿರುಗದೆ ಹೇಳಿದಳು.

"ಎಬ್ಬಿಸಬೇಡ ಅಂತ ನೀನೇ ಅಂದೆ."

"ಅಂದೆ ಕಂದ."

"ನಾನು ಎಬ್ಬಿಸ್ಲಿಲ್ಲ. ಎಬ್ಬಿಸಿದ್ರೆ ಏಳ್ತಿದ್ನಾ?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತೆಗೆದಳು.

"ಇಲ್ಲ. ಆಮೇಲೆ ನಾನು ಎಬ್ಬಿಸಿದೆ. ಕೆನ್ನೆ ತಟ್ಟಿದೆ, ಕೂಗಿದೆ, ಬೈದೆ. ಅವನು ನಿದ್ದೆ ಮಾಡ್ತಿರಲಿಲ್ಲ, ಸತ್ತುಹೋಗಿದ್ದ. ಸತ್ತವರು ಏಳಲ್ಲ ಮಗಳೇ. ಅದು ಗೊತ್ತಾದ ಮೇಲೇ ನಾನು ಮಣ್ಣು ಹಾಕಿದ್ದು."

"ಬರೋದೇ ಇಲ್ವಾ?"

"ಬರೋದೇ ಇಲ್ಲ."

ಹುಡುಗಿ ಆಗ ಅತ್ತಳು. ಮಕ್ಕಳು ಅಳುವ ಹಾಗಲ್ಲ. ವಯಸ್ಸಾದವರು ಅಳುವ ಹಾಗೆ, ಸದ್ದೇ ಇಲ್ಲದೆ, ಹೊಟ್ಟೆ ಹಿಡಿದುಕೊಂಡು. ಅಮ್ಮ ಕೈ ಚಾಚಿದಳು. ಮಗು ಆ ಕೈಗೆ ಬಂತು. ಟೀಚರ್ ಮಕ್ಕಳನ್ನು ಮೆಲ್ಲಗೆ ಎಬ್ಬಿಸಿಕೊಂಡು ಒಳಗೆ ಹೋದರು. ದೇವರು ಮಗುವಿನ ಮಾತನ್ನು ಮರಳಿಸಿದ್ದ. ಅದರ ಜೊತೆಗಿದ್ದ ಆಸೆಯನ್ನು ಕಿತ್ತುಕೊಂಡೇ ಮರಳಿಸಿದ್ದ. ಸ್ತೋತ್ರ ಹೇಳಬೇಕೆಂದು ಕೈಜೋಡಿಸಿದರೆ ಅವರಿಗೆ ಆ ದಿನ ಒಂದು ಸಾಲೂ ನೆನಪಾಗಲಿಲ್ಲ.

ಆಮೇಲೆ ಹುಡುಗಿ ಊಟ ಮಾಡಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಒಮ್ಮೆ ಪೆನ್ಸಿಲ್ ವಿಷಯಕ್ಕೆ ಜಗಳವನ್ನೂ ಆಡಿದಳು. ಟೀಚರ ಜೊತೆ ಮಾತ್ರ ಹೌದು, ಇಲ್ಲ, ಅಷ್ಟೇ. ಬಯಲಿಗೆ ಬರುವುದನ್ನು ಬಿಟ್ಟಳು. ಎಲ್ಲರೂ ಹೊರಗೆ ಓಡುವಾಗ ತನ್ನ ಬೆಂಚಿನಲ್ಲೇ ಕೂತಿರುತ್ತಿದ್ದಳು. ಟೀಚರ್ ಒಂದೆರಡು ಸಲ ಬಾಗಿಲಲ್ಲಿ ನಿಂತು ಕರೆದು, ಆಮೇಲೆ ಕರೆಯುವುದನ್ನು ನಿಲ್ಲಿಸಿದರು.

ಮಳೆ ಶುರುವಾಗುವ ಮುಂಚೆ ಬಾಯಿಬಡುಕಿ ಬಂದು, ಅಂಗಡಿ ಚಿಕ್ಕದಾಯಿತು, ಗೋಡೆ ಪಕ್ಕದ ಜಾಗ ಖಾಲಿ ಬಿದ್ದಿದೆ, ತೆಗೆದುಕೊಳ್ಳಲಾ ಎಂದು ಕೇಳಿದಳು. ಅದು ಅವಳದ್ದು, ಅವಳನ್ನೇ ಕೇಳು ಎಂದರು ಟೀಚರ್. ಬಾಯಿಬಡುಕಿ ಒಳಗೆ ಓಡಿದಳು, ಅಷ್ಟೇ ಬೇಗ ಓಡಿಬಂದಳು.

"ತಗೋ ಅಂದ್ಳು ಮಿಸ್. ಅಲ್ಲಿ ಏನೂ ಇಲ್ಲ ಅಂದ್ಳು."

ಅವಳು ಕಲ್ಲುಗಳನ್ನು ಸರಿಸಿ ಎರಡು ಜಾಗವನ್ನೂ ಒಂದು ಮಾಡಿಕೊಂಡಳು, ಇಟ್ಟಿಗೆ ಹೊತ್ತು ತಂದಳು, ಎಲೆಗಳನ್ನು ಸಾಲಾಗಿ ಹರಡಿ, ಬನ್ನಿ ಬನ್ನಿ ಎಂದು ಕೂಗತೊಡಗಿದಳು. ಟೀಚರ್ ತರಗತಿಯ ಕಿಟಕಿಯತ್ತ ನೋಡಿದರು. ಹುಡುಗಿ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಳು. ಹೊರಗೆ ನೋಡಲಿಲ್ಲ.