ಚೀಟಿ ಬರೆದ ಹೊತ್ತು

ವಿಜಯವಾಡದ ಆ ಹೋಟೆಲಿನ ಸಭಾಂಗಣಕ್ಕೆ ಕಿಟಕಿಗಳೇನೋ ಇದ್ದವು, ತೆರೆಯಲು ಬರುತ್ತಿರಲಿಲ್ಲ. ಹೊರಗೆ ಬಿಸಿಲು ಕೃಷ್ಣೆಯ ನೀರನ್ನೇ ಹುರಿಯುತ್ತಿದ್ದರೆ, ಒಳಗೆ ಎ.ಸಿ.ಯ ಚಳಿಗೆ ಬಿಂದುಶ್ರೀಯ ಬೆರಳು ಮರಗಟ್ಟಿದ್ದವು. ರಾಕ್ಷಸ ಹೊತ್ತೊಯ್ದ ರಾಜಕುಮಾರಿಗಾದರೂ ಏಳು ಸಮುದ್ರದಾಚೆಯಿಂದ ಒಬ್ಬ ಬಂದಾನೆಂಬ ಭರವಸೆ ಇರುತ್ತದೆ. ಇಲ್ಲಿ ಏಳು ಸಮುದ್ರದಾಚೆಯವರೆಲ್ಲ ಆಗಲೇ ಬಂದು, ಕೊರಳಿಗೆ ಹೆಸರಿನ ಪಟ್ಟಿ ನೇತುಹಾಕಿಕೊಂಡು, ಕಾಫಿ ಕುಡಿಯುತ್ತ ಕೂತಿದ್ದರು.

ಅದು ಎರಡು ಸಾವಿರದ ಎಂಟನೇ ಇಸವಿ. ಒಂಬತ್ತು ದೇಶಗಳ ಡಾಕ್ಟರುಗಳು ಸೇರಿದ್ದು ಸೆಪ್ಸಿಸ್‌ಗಾಗಿ. ಸೋಂಕು ರಕ್ತಕ್ಕೇರಿ ಮೈ ಕುಸಿಯತೊಡಗಿದಾಗ, ಮೊದಲ ಇಂಜೆಕ್ಷನ್ ಎಷ್ಟು ಬೇಗ ಬೀಳುತ್ತದೆಂಬುದರ ಮೇಲೆ ಜೀವ ನಿಂತಿರುತ್ತದೆ. ಆ ಹೊತ್ತನ್ನು ಎಲ್ಲ ಆಸ್ಪತ್ರೆಗಳಿಂದ ಕಲೆಹಾಕಿದ್ದರು. ಅದನ್ನು ನೋಡಿ ಕೆಲವು ಆಸ್ಪತ್ರೆಗಳನ್ನು ಹೊಸ ಯೋಜನೆಯೊಂದಕ್ಕೆ ಆರಿಸುವವರಿದ್ದರು; ಆಯ್ಕೆಯಾದವರಿಗೆ ತರಬೇತಿ, ವಾರ್ಡಿಗೇ ಒಂದು ಔಷಧಿ ಕಪಾಟು. ವಿಶಾಖಪಟ್ಟಣದ ಒಂದು ಆಸ್ಪತ್ರೆಯ ಫಾರಂಗಳನ್ನು ತುಂಬಿದವಳು ಚಿತ್ರದುರ್ಗದಿಂದ ಬಂದ ನರ್ಸ್ ಬಿಂದುಶ್ರೀ. ಎಲ್ಲರಿಗಿಂತ ಒಳ್ಳೆಯ ಅಂಕಿ ಅವಳದೇ: ರೋಗಿ ಬಂದ ನಲವತ್ತೇ ನಿಮಿಷಕ್ಕೆ ಇಂಜೆಕ್ಷನ್.

ಅದು ಸುಳ್ಳು. ಅವರ ವಾರ್ಡಿನಲ್ಲಿ ಔಷಧಿ ಇಡುತ್ತಿರಲಿಲ್ಲ. ಡಾಕ್ಟರು ಬರೆದ ಚೀಟಿ ಹಿಡಿದು ರೋಗಿಯ ಕಡೆಯವರೇ ಅಂಗಡಿ ಹುಡುಕಿ, ಸಾಲಿನಲ್ಲಿ ನಿಂತು ತರಬೇಕು. ಅಚ್ಯುತಾಪುರಂನ ಕಾರ್ಖಾನೆಗಳಿಂದ ಬಂದವರಿಗಂತೂ ಪೇಟೆಯೇ ಹೊಸದು; ಎರಡು ಗಂಟೆ, ಮೂರು ಗಂಟೆ. ಆದರೂ ಚೀಟಿ ಬರೆದ ಹೊತ್ತನ್ನೇ ಇಂಜೆಕ್ಷನ್ ಕೊಟ್ಟ ಹೊತ್ತೆಂದು ಬರೆಯುವುದು ಅಲ್ಲಿಯ ರೂಢಿ. ಹಿರಿಯ ಸಿಸ್ಟರ್ ಪದ್ಮಾ ಮೊದಲ ದಿನವೇ ಕಲಿಸಿದ್ದರು. ಅದೆಂಥ ತಪ್ಪೆಂದು ಬಿಂದುಶ್ರೀಗೆ ಹೊಳೆದದ್ದು ಬರುವಾಗ ರೈಲಿನಲ್ಲಿ, ಉಳಿದ ದೇಶಗಳ ಅಂಕಿ ಓದಿದಾಗ.

"ಮೇಡಂ, ನಾವು ಬರೆದಿರೋದು ಚೀಟಿ ಹೊತ್ತು. ಇಂಜೆಕ್ಷನ್ ಹೊತ್ತಲ್ಲ."

ದಾವಣಗೆರೆ ಬಿಟ್ಟು ಇಪ್ಪತ್ತು ವರ್ಷದಿಂದ ವಿಶಾಖಪಟ್ಟಣದಲ್ಲೇ ಬೇರುಬಿಟ್ಟಿದ್ದ, ಅವಳದೇ ವಾರ್ಡಿನ ಡಾಕ್ಟರ್ ಪಂಕಜಾ ಎದುರು ಸೀಟಿನಲ್ಲಿ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣೇ. ಯೋಜನೆಗೆ ಆಯ್ಕೆ ಆದ್ರೆ ನಮ್ ವಾರ್ಡಿಗೇ ಔಷಧಿ ಕಪಾಟು ಬರುತ್ತೆ ಕದಾ? ಆಮೇಲೆ ನಿನ್ನ ನಲವತ್ತು ನಿಮಿಷ ನಿಜಾನೇ ಆಗುತ್ತೆ. ಅಲ್ಲಿವರ್ಗೂ ಬಾಯಿಗೆ ನಾಲ್ಕು ಕಡಲೆಕಾಯಿ ಹಾಕ್ಕೊಂಡು ಕೂತ್ಕೋ."

ಈಗ ಸಭಾಂಗಣದಲ್ಲಿ ಬ್ರೆಜಿಲ್‌ನ ಡಾಕ್ಟರಮ್ಮ ಎದ್ದು ಪರದೆಯ ಮೇಲಿನ ಆ ಅಂಕಿಯತ್ತ ಬೆರಳು ತೋರಿಸಿದರು. "ಕಪಾಟಿಲ್ಲದೆಯೇ ಇವರು ನಲವತ್ತು ನಿಮಿಷಕ್ಕೆ ಕೊಡುತ್ತಿದ್ದಾರೆ. ಅಂದಮೇಲೆ ಯಾರಿಗೂ ಕಪಾಟು ಬೇಕಿಲ್ಲ. ಯೋಜನೆಯಿಂದ ಅದನ್ನು ತೆಗೆದುಬಿಡೋಣ, ತರಬೇತಿ ಸಾಕು."

ಚಪ್ಪಾಳೆ ಬಿತ್ತು. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು.

ಪಂಕಜಾರ ಮುಖ ಬಿಳಿಚಿಕೊಂಡಿತು. "ಸುಮ್ನಿರು," ಎಂದು ತುಟಿ ಅಲುಗಿಸದೆ ಅಂದರು. "ಏನಾದ್ರೂ ದಾರಿ ಹುಡುಕೋಣ."

"ಯಾವ್ ದಾರಿ ಮೇಡಂ? ಅವ್ರು ಪೆನ್ನು ತೆಗೆದಾಯ್ತು."

"ಬಾಯಿಬಿಟ್ರೆ ಮೊದ್ಲು ನಮ್ಮನ್ನೇ ಹೊರಗೆ ಹಾಕ್ತಾರೆ."

"ಬಿಡದಿದ್ರೆ ಯಾರಿಗೂ ಕಪಾಟಿಲ್ಲ."

ಬಿಂದುಶ್ರೀ ಎದ್ದಳು. ಇಂಗ್ಲಿಷು ಎರಡು ಸಲ ಕೈಕೊಟ್ಟಿತು. ಚೀಟಿ, ಅಂಗಡಿ, ಸಾಲು, ಮೂರು ಗಂಟೆ, ಎಲ್ಲ ಹೇಳಿದಳು. "ಬರೆದವಳು ನಾನೇ," ಎಂದು ಕೂತಳು. ಬ್ರೆಜಿಲ್‌ನ ಡಾಕ್ಟರಮ್ಮ ನಿಧಾನವಾಗಿ ತಮ್ಮದೇ ಫಾರಂಗಳ ಕಟ್ಟು ಬಿಚ್ಚಿ ನೋಡತೊಡಗಿದರು.

ಸಂಜೆಗೆ ತೀರ್ಮಾನವಾಯಿತು. ಕಪಾಟು ಉಳಿಯಿತು. ಆಯ್ಕೆಯ ಪಟ್ಟಿಯಿಂದ ವಿಶಾಖಪಟ್ಟಣದ ಹೆಸರು ಹೋಯಿತು.

ವಾಪಸು ರೈಲು ಅನಕಾಪಲ್ಲಿ ದಾಟುವಾಗ ಪಂಕಜಾ ಅಂದರು. "ನಂಗೂ ಎದ್ದು ನಿಲ್ಬೇಕು ಅನ್ನಿಸ್ತು ಕಣೇ. ಹೊರಗೆ ಹಾಕ್ತಾರೆ ಅಂತ ಕೂತೇಬಿಟ್ಟೆ."

ಸೋಮವಾರ ಬೆಳಿಗ್ಗೆ ಹೊಸ ರೋಗಿ ಬಂದ. ಜ್ವರದಲ್ಲಿ ಏದುಸಿರು ಬಿಡುತ್ತಿದ್ದ. ಅವನ ಹೆಂಡತಿ ಲಕ್ಷ್ಮಿಯ ಕೈಗೆ ಬಿಂದುಶ್ರೀ ಚೀಟಿ ಕೊಟ್ಟಳು.

"ಎಕ್ಕಡಮ್ಮಾ ಷಾಪು?" ಎಂದಳಾಕೆ.

ಮೆಟ್ಟಿಲಿಳಿದು, ರಸ್ತೆ ದಾಟಿ, ಎಡಕ್ಕೆ ಎಂದು ಕೈಮಾಡಿ ತೋರಿಸಿದಳು. ಫಾರಂನಲ್ಲಿ ಚೀಟಿಯ ಹೊತ್ತು ಬರೆದಳು: ಹತ್ತು ಇಪ್ಪತ್ತು. ಪಕ್ಕದಲ್ಲಿ ಸ್ಕೇಲಿಟ್ಟು, ಇಂಜೆಕ್ಷನ್ ಹೊತ್ತಿಗೆಂದು ಹೊಸದೊಂದು ಚೌಕ ಎಳೆದಳು. ರೋಗಿಯ ನಾಡಿ ಹಿಡಿದು ಬಾಗಿಲ ಕಡೆ ನೋಡುತ್ತ ಕೂತಳು. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಚೌಕ ಖಾಲಿಯೇ ಇತ್ತು.