ಎಡಗನ್ನಡಿಯಲ್ಲಿ ಕಂಡ ಕೈ

ಮಿನೆಸೋಟಾದಲ್ಲಿ ಹಿಮಗಾಲಕ್ಕೆ ಮೊದಲೇ ದೋಣಿಯನ್ನು ಎತ್ತದಿದ್ದರೆ ಸರೋವರ ಅದನ್ನು ತನ್ನಲ್ಲೇ ಹೆಪ್ಪುಗಟ್ಟಿಸಿ ಇಟ್ಟುಕೊಂಡುಬಿಡುತ್ತದೆ. ನಲವತ್ತು ವರ್ಷ ಆ ಕೆಲಸಕ್ಕೆ ಟ್ರಕ್ ಓಡಿಸಿದವನು ವರ್ಲಿನ್. ನೀರಿನ ಮೇಲೆ ಚಾಚಿದ ಮರದ ಕಟ್ಟೆಯಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದವಳು ಅವನ ಹೆಂಡತಿ ಆರ್ಡಿಸ್. ಈ ವರ್ಷ ಅದಲುಬದಲಾಗಿತ್ತು. ಬೇಸಿಗೆಯಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡ ವರ್ಲಿನ್‌ಗೆ ಗಾಡಿ ಓಡಿಸಲು ಡಾಕ್ಟರು ಇನ್ನೂ ಒಪ್ಪಿರಲಿಲ್ಲ.

ಟ್ರಕ್ಕಿನ ಬೆನ್ನ ಮೇಲೆ ಪುಟ್ಟ ಮನೆಯಂಥ ಕ್ಯಾಂಪರ್ ಕೂತಿತ್ತು. ಒಳಗಿನ ಕನ್ನಡಿಯಲ್ಲಿ ಅದರ ಬಿಳಿ ಗೋಡೆಯ ಹೊರತು ಏನೂ ಕಾಣುತ್ತಿರಲಿಲ್ಲ. ಅದರ ಹಿಂದೆ ದೋಣಿಯನ್ನು ಏರಿಸಿಕೊಳ್ಳಬೇಕಾದ ಖಾಲಿ ಟ್ರೇಲರ್, ಆಮೇಲೆ ನೀರಿಗಿಳಿಯುವ ಪಾಚಿಗಟ್ಟಿದ ಇಳಿಜಾರು. ಪಕ್ಕದ ಎರಡು ಕನ್ನಡಿಗಳೇ ಗತಿ; ಅವುಗಳಲ್ಲೂ ಬೆಳಗಿನ ಮಂಜು ತುಂಬಿತ್ತು.

"ನನ್ನ ಕೈ ಕಾಣದಿದ್ರೆ ನಿಲ್ಸು, ಅಷ್ಟೇ. ಮುಖ ನೋಡ್ಕೊಳ್ತಾ ಕೂತ್ಕೋಬೇಡ," ಎಂದ ವರ್ಲಿನ್.

"ಈ ವಯಸ್ಸಲ್ಲಿ ನೋಡ್ಕೊಳ್ಳೋಕೆ ಏನಿದೆ? ನೀನು ಜಾರದೆ ನಡಿ."

ಅವಳು ತನ್ನ ಕೆಂಪು ಮಫ್ಲರ್ ಬಿಚ್ಚಿ ಅವನ ಕತ್ತಿಗೆ ಸುತ್ತಿ ಕಳಿಸಿದಳು. ಅವಳಿಗಿದ್ದ ಹೆದರಿಕೆ ಒಂದೇ. ಕಣ್ಣಿಗೆ ಬೀಳದ ಆ ಹಿಂಬದಿಯಲ್ಲಿ ಅವನು ಬಿದ್ದುಬಿಟ್ಟರೆ, ತಾನೇ ಅವನ ಮೇಲೆ ಚಕ್ರ ಹತ್ತಿಸಿಬಿಟ್ಟರೆ?

ಎಡಗನ್ನಡಿಯ ಮಂಜಿನಲ್ಲಿ ಒಂದು ಆಕೃತಿ ಮೂಡಿತು. ಪ್ರತಿ ವರ್ಷ ಅವಳು ನಿಲ್ಲುತ್ತಿದ್ದ ಕಟ್ಟೆಯ ಜಾಗದಲ್ಲೇ ನಿಂತು, ಬಾ ಬಾ ಎಂದು ಕೈಯಾಡಿಸಿತು. ಕತ್ತಿನಲ್ಲಿ ಮಫ್ಲರ್ ಇರಲಿಲ್ಲ. ಆಗಲೇ ತೆಗೆದು ಹಾಕಿದನಲ್ಲ ಎಂದು ಅವಳಿಗೆ ಸ್ವಲ್ಪ ಬೇಸರವಾಯಿತು. ಆ ಕೈಯನ್ನೇ ನೋಡುತ್ತ ಟ್ರಕ್ಕನ್ನು ಇಂಚಿಂಚಾಗಿ ಹಿಂದೆ ಬಿಟ್ಟಳು.

ತಟ್ಟನೆ ಎರಡೂ ಅಂಗೈಗಳು ಮೇಲೆದ್ದವು. ನಿಲ್ಲು.

ಅವಳು ಬ್ರೇಕ್ ಒತ್ತಿದಳು. ಅಂಗೈಗಳು ಕೆಳಗಿಳಿಯಲಿಲ್ಲ. ಕಿಟಕಿ ಇಳಿಸಿ ಕೂಗಿದಳು. ಉತ್ತರ ಬಂದದ್ದು ಬಲಗಡೆಯಿಂದ, ನೆಲಮಟ್ಟದಿಂದ.

"ಮುಂದೆ ತಗೋ. ನಿಧಾನ."

ಟ್ರಕ್ಕನ್ನು ಒಂದು ಮಾರು ಮುಂದೆ ಒಯ್ದು, ಇಳಿದು ಓಡಿದಳು. ವರ್ಲಿನ್ ಪಾಚಿಯ ಮೇಲೆ ಕೂತಿದ್ದ. ಮಫ್ಲರ್ ಕತ್ತಿನಲ್ಲೇ ಇತ್ತು. ಬೂಟಿನ ತುದಿಗೆ ಟೈರಿನ ಕೆಸರು ಮೆತ್ತಿತ್ತು. ಸೊಂಟಕ್ಕೆ ಏನೂ ಆಗಿಲ್ಲ, ಜಾರಿ ಕೂತೆ ಅಷ್ಟೇ ಎಂದು ಅವಳನ್ನೇ ಸಮಾಧಾನ ಮಾಡಿದ.

"ಕೂಗೋಕೆ ಉಸಿರೇ ಬರ್ಲಿಲ್ಲ ಕಣೇ. ನಿಲ್ಸಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ನೀನೇ ಕೈ ಎತ್ತಿದ್ಯಲ್ಲ, ಕಟ್ಟೆ ಮೇಲೆ ನಿಂತು."

ಅವನು ಅವಳ ಮುಖವನ್ನೇ ನೋಡಿದ. "ಕಟ್ಟೆ ಎಲ್ಲಿದೆ ಆರ್ಡಿಸ್? ಹಿಮ ಬೀಳುತ್ತೆ ಅಂತ ಗುರುವಾರವೇ ಬಿಚ್ಚಿ ದಡಕ್ಕೆ ಹಾಕಿದಾರೆ."

ಪ್ರತಿ ವರ್ಷ ಬಿಚ್ಚುತ್ತಾರೆಂಬುದು ಅವಳಿಗೆ ಗೊತ್ತಿದ್ದದ್ದೇ. ಎಡಕ್ಕೆ ತಿರುಗಿದಳು. ಆಳು ಮುಳುಗುವಷ್ಟು ನೀರು ಕಪ್ಪಗೆ ನಿಂತಿತ್ತು. ಒಂದು ಅಲೆಯೂ ಇರಲಿಲ್ಲ.

ಅವಳು ಕೈ ಕೊಟ್ಟು ಅವನನ್ನು ಎಬ್ಬಿಸಿದಳು. ದೋಣಿ ಇನ್ನೂ ನೀರಿನಲ್ಲೇ ಇತ್ತು, ದಡದಂಚಿಗೆ ತೆಳ್ಳಗೆ ಮಂಜುಗಡ್ಡೆ ಕಟ್ಟತೊಡಗಿತ್ತು. ವರ್ಲಿನ್ ಈ ಸಲ ಬಲಗಡೆಯ ಒಣ ಹುಲ್ಲಿನ ಮೇಲೆ ನಿಂತುಕೊಳ್ಳುತ್ತೇನೆಂದ. ಅವಳು ಮತ್ತೆ ಟ್ರಕ್ ಹತ್ತಿದಳು.

ಬಲಗನ್ನಡಿಯಲ್ಲಿ ಕೆಂಪು ಮಫ್ಲರಿನವನು ಬಾ ಎಂದು ಕೈಯಾಡಿಸಿದ. ಬೇಡವೆಂದುಕೊಂಡರೂ ಅವಳ ಕಣ್ಣು ಎಡಕ್ಕೆ ಹೊರಳಿತು. ಅಲ್ಲೂ, ಆಗ ನಿಲ್ಲು ಎಂದಿದ್ದ ಅದೇ ಕೈ ಬಾ ಎನ್ನುತ್ತಿತ್ತು, ಹೆದರಿದ ಕುದುರೆಯನ್ನು ಕರೆಯುವಷ್ಟು ಮೆಲ್ಲಗೆ.

ಅವಳು ಬ್ರೇಕಿನಿಂದ ಕಾಲು ತೆಗೆದಳು.